ವರ್ಲಿನ್ ಮೋಟು ಮಾಡಿದ ಜೋಲಿ ಪಟ್ಟಿಗಳು

ನಮ್ಮ ಲಾರೆಲ್ ಬ್ರಾಂಚ್ ಊರಿನ ಗಂಡಸರ ತಲೆಗಳೆಲ್ಲ ಬಹಳ ಕಾಲ ವರ್ಲಿನ್ ಸ್ಟಿಲ್ಟ್ನರ್‌ನ ಕೈಯಲ್ಲಿದ್ದವು. ಅವನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರು ಮೊದಲೇ "ಸ್ವಲ್ಪ ಸಾಕು ಕಣೋ" ಎಂದು ಬೇಡಿಕೊಳ್ಳುತ್ತಿದ್ದರು. ಎದ್ದು ಹೊರಗೆ ಬಂದಾಗ ಕಿವಿಗಳು ಆಗ ತಾನೇ ಹುಟ್ಟಿದ ಹಾಗೆ ಕಾಣುತ್ತಿದ್ದವು. ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಕೆಟ್ಟ ಮಾತಿಲ್ಲ, ಭಾನುವಾರದ ಆರಾಧನೆ ತಪ್ಪಿಸಿದವನಲ್ಲ. ಆದರೆ ಉದ್ದವಾದ ಯಾವ ವಸ್ತು ಕಣ್ಣಿಗೆ ಬಿದ್ದರೂ ಅದರ ತುದಿ ಅವನಿಗೆ ಹೆಚ್ಚೆನಿಸುತ್ತಿತ್ತು. ನಮ್ಮ ಪಾದ್ರಿಯ ಪ್ರಸಂಗದ ಬಗ್ಗೆಯೂ ಅವನ ಅಭಿಪ್ರಾಯ ಅದೇ ಆಗಿತ್ತು.

ವಯಸ್ಸಾಗಿ ಅಂಗಡಿ ಮುಚ್ಚಿದ ಮೇಲೆ ಅವನಿಗೆ ಬೆಟ್ಟದ ನಡಿಗೆಯ ಹುಚ್ಚು ಹಿಡಿಯಿತು. ಬೆನ್ನಿಗೆ ಚೀಲ ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆಯುವವರು ನಮ್ಮ ಊರಿನ ಮೇಲೆಯೇ ಹಾದುಹೋಗುತ್ತಾರೆ. ಅವರಿಗೆ ದೇವರ ನಂತರದ ಚಿಂತೆ ಚೀಲದ ತೂಕದ್ದು. ವರ್ಲಿನ್‌ಗೆ ತನ್ನ ಜಾತಿಯ ಜನ ಕೊನೆಗೂ ಸಿಕ್ಕಿದಂತಾಯಿತು. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ. ನಕ್ಷೆಯ ಅಂಚು ಕತ್ತರಿಸಿದ. ಅಂಗಿಗಳ ಕೊರಳಪಟ್ಟಿಯಲ್ಲಿದ್ದ ಚೀಟಿಗಳನ್ನೂ ಬಿಡಲಿಲ್ಲ. ಹೆಂಡತಿ ಆರ್ಡಿತ್‌ಳ ಅಡುಗೆಮನೆಯ ತಕ್ಕಡಿ ಅವನ ಕೊಟ್ಟಿಗೆ ಸೇರಿತು. ಅವಳು ಹಿಟ್ಟನ್ನು ಅಂದಾಜಿನಲ್ಲಿ ಹಾಕತೊಡಗಿದಳು. ಆ ವರ್ಷ ಅವಳ ಬಿಸ್ಕತ್ತುಗಳನ್ನು ತಿಂದವರು ಅವನ ನಡಿಗೆಗೆ ತಾವೂ ತೆರಿಗೆ ಕಟ್ಟಿದ್ದಾರೆ.

ನೆಲದಲ್ಲಿ ಮಲಗಿದರೆ ಸೊಂಟ ಹಿಡಿಯುತ್ತಿದ್ದುದರಿಂದ ಅವನು ಮರಗಳ ನಡುವೆ ಕಟ್ಟಿ ಮಲಗುವ ಜೋಲಿಗೆ ಬಂದ. ಜೋಲಿ ಎಂದರೆ ಬಟ್ಟೆ ಎಂದು ನಾನು ತಿಳಿದಿದ್ದೆ. ತಪ್ಪು. ನಿದ್ದೆಯೆಲ್ಲ ಇರುವುದು ಎರಡು ಮರಗಳನ್ನು ಸುತ್ತುವ ಪಟ್ಟಿಗಳಲ್ಲಿ ಎಂದು ಅವನು ಚರ್ಚಿನ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ನನಗೆ ಕಲಿಸಿದ. ಪಟ್ಟಿ ಅಗಲವಾಗಿರಬೇಕು, ಇಲ್ಲದಿದ್ದರೆ ತೊಗಟೆ ಕೊಯ್ಯುತ್ತದೆ. ಸಣ್ಣ ಹಗ್ಗದಲ್ಲಿ ಜೋಲಿ ಕಟ್ಟಿದವನ ಜೊತೆ ನಮ್ಮ ಬೆಟ್ಟದಲ್ಲಿ ಯಾರೂ ಮಾತಾಡುವುದಿಲ್ಲ. ಹೆಚ್ಚು ಬಿಗಿದರೆ ಜೋಲಿ ಬಟಾಣಿಕಾಯಿಯಂತೆ ಮುಚ್ಚಿಕೊಳ್ಳುತ್ತದೆ, ಹೆಚ್ಚು ಸಡಿಲಿಸಿದರೆ ಮಲಗಿದವರನ್ನು ಪುಸ್ತಕದಂತೆ ಮಡಚುತ್ತದೆ. ಕಾಲಿನ ಕಡೆ ತುಸು ಎತ್ತರ. ಕೂತಾಗ ಕುರ್ಚಿಯಷ್ಟು ಎತ್ತರ. ನನ್ನ ಕೈಯಲ್ಲಿದ್ದ ಪಾತ್ರೆ ಒಣಗಿ ಎಷ್ಟೋ ಹೊತ್ತಾಗಿತ್ತು.

ಅವನಿಗಿದ್ದುದು ಒಂದೇ ಆಸೆ. ಆರ್ಡಿತ್ ಒಂದು ರಾತ್ರಿ ತನ್ನೊಡನೆ ಬೆಟ್ಟದ ಮೇಲೆ ಮಲಗಬೇಕು, ಬೆಳಗ್ಗೆ ಇಬ್ಬರೂ ಸೇರಿ ಸೂರ್ಯ ಹುಟ್ಟುವುದನ್ನು ನೋಡಬೇಕು. ನಡಿಗೆಯ ಹುಚ್ಚು ಹಿಡಿದಾಗಿನಿಂದ ಕೇಳುತ್ತಿದ್ದ. ನಮ್ಮ ಅಡುಗೆಮನೆಯ ಕಿಟಕಿಯಲ್ಲೂ ಅದೇ ಸೂರ್ಯ ಹುಟ್ಟುತ್ತಾನಲ್ಲ ಎಂಬುದು ಆರ್ಡಿತ್‌ಳ ಉತ್ತರ.

ಕೊನೆಗೆ ಅವನು ಒಂದು ಉಪಾಯ ಮಾಡಿದ. ಅದನ್ನು ಉಪಾಯ ಎನ್ನಬಾರದೇನೋ, ಶುದ್ಧ ಮನಸ್ಸಿನಿಂದಲೇ ಮಾಡಿದ. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಯಾರಿಗಾಗಿ ಪ್ರಾರ್ಥಿಸಬೇಕೆಂದು ಪಾದ್ರಿ ಕೇಳುತ್ತಾರೆ. ಒಬ್ಬರು ಅತ್ತಿಗೆಯ ಪಿತ್ತಕೋಶಕ್ಕೆ ಎಂದರು, ಇನ್ನೊಬ್ಬರು ಮಳೆಗೆ ಎಂದರು. ವರ್ಲಿನ್ ಎದ್ದು ನಿಂತು, ಟೋಪಿ ಎದೆಗೆ ಹಿಡಿದು, ಆರ್ಡಿತ್ ಬೆಟ್ಟಕ್ಕೆ ಬರುವಂತೆ ಪ್ರಾರ್ಥಿಸಿ ಎಂದ. ಸಭೆಯೆಲ್ಲ ಭಕ್ತಿಯಿಂದ ತಲೆ ತಗ್ಗಿಸಿತು. ಆರ್ಡಿತ್‌ಳ ಬಾಯಿಂದ "ಆಮೆನ್" ಕೆಮ್ಮಿನ ಹಾಗೆ ಬಂತು.

ಹೊರಗೆ ಬಂದ ಮೇಲೆ ಅವಳು ಅವನನ್ನು ಕಾರಿನ ಬಾಗಿಲಿಗೆ ಒರಗಿಸಿ ನಿಲ್ಲಿಸಿದಳು. ನಾನು ಪಕ್ಕದಲ್ಲೇ ಇದ್ದೆ.

"ಒಂದೇ ರಾತ್ರಿ. ನೋಲಾ ಜೊತೆಗೆ ಬರ್ಬೇಕು. ಮತ್ತೆ ನನ್ನ ಅಂಡು ನೆಲಕ್ಕೆ ತಾಗಬಾರ್ದು. ತಾಗ್ತೋ, ಅಲ್ಲಿಗೆ ಮುಗೀತು. ಇನ್ನು ಸಾಯೋ ತನಕ ನನ್ನ ಹತ್ರ ಬೆಟ್ಟದ ಮಾತೆತ್ತಬಾರ್ದು, ದೇವರ ಹತ್ರಾನೂ ಎತ್ತಬಾರ್ದು."

ನೋಲಾ ಎಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ.

ವರ್ಲಿನ್ ಪಟ್ಟಿ ಆರಿಸಲು ಕೂತ. ಎಲ್ಲರೂ ಕೊಳ್ಳುವ ಪಾಲಿಯೆಸ್ಟರ್ ಪಟ್ಟಿ ತಂದ, ತೂಗಿದ, ಹಿಂದಿರುಗಿಸಿದ. ಅದಕ್ಕಿಂತ ನೈಲಾನ್ ಹಗುರ ಎಂದು ಎಲ್ಲಿಯೋ ಕಂಡುಹಿಡಿದು ಅದನ್ನು ತಂದ. ವರಾಂಡದ ಎರಡು ಕಂಬಗಳಿಗೆ ಜೋಲಿ ಕಟ್ಟಿ, ಬಿಸಿಲಿನ ಮಧ್ಯಾಹ್ನ ತಾನೇ ಮಲಗಿ ನೋಡಿದ. ಅವನ ದೇಹವೋ ಬಾಚಣಿಗೆಯಂತಹದು. ಪಟ್ಟಿ ಅಲುಗಲಿಲ್ಲ. ಕಂಬ ಸುತ್ತಿ ಉಳಿದ ಉದ್ದ ಅವನ ಕಣ್ಣಿಗೆ ಬಿತ್ತು. ತನ್ನ ಜೋಲಿಯ ಎರಡು, ಅವಳ ಜೋಲಿಯ ಎರಡು, ನಾಲ್ಕನ್ನೂ ಮೋಟು ಮಾಡಿ, ನೂಲು ಬಿಚ್ಚದಂತೆ ತುದಿಗಳನ್ನು ಬೆಂಕಿಯಲ್ಲಿ ಕರಗಿಸಿದ. ಕತ್ತರಿಸಿದ ತುಂಡುಗಳನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿ, "ಇಷ್ಟನ್ನ ಜನ ಸುಮ್ ಸುಮ್ನೆ ಹೊತ್ಕೊಂಡು ತಿರುಗ್ತಾರಲ್ಲ ನೋಲಾ" ಎಂದು ಲೋಕಕ್ಕಾಗಿ ಮರುಗಿದ.

ಸೆಪ್ಟೆಂಬರಿನಲ್ಲಿ ಹತ್ತಿದೆವು. ಅರ್ಧ ದಾರಿಯಲ್ಲಿ ಆರ್ಡಿತ್‌ಳ ಚೀಲದಿಂದ ಹಕ್ಕಿಗರಿ ತುಂಬಿದ ದಿಂಬೊಂದು ಹೊರಬಂತು, ಅದರ ಹಿಂದೆ ಕರಿದ ಸೇಬಿನ ಕಡುಬು ತುಂಬಿದ ತಗಡಿನ ಡಬ್ಬಿ. ವರ್ಲಿನ್ ಡಬ್ಬಿಯನ್ನು ನೋಡಿದ, ಆಕಾಶವನ್ನು ನೋಡಿದ, ಎರಡನ್ನೂ ತನ್ನ ಚೀಲಕ್ಕೆ ಹಾಕಿಕೊಂಡ. ಪ್ರೀತಿ ಎಂದರೆ ಇದೇ ಇರಬೇಕು ಎಂದುಕೊಂಡೆ.

ಮೇಲೆ ನಡಿಗೆಯವರಿಗಾಗಿ ಕಟ್ಟಿದ, ಮೂರೇ ಗೋಡೆಯ ಮರದ ಗುಡಿಸಲಿದೆ. ಅದರಲ್ಲಿ ಇಲಿಗಳಿವೆ ಎಂದು ಆರ್ಡಿತ್ ಒಳಗೆ ಮಲಗಲು ಒಪ್ಪಲಿಲ್ಲ. ಹಲಗೆ ನೆಲವಲ್ಲ ಎಂದು ತೀರ್ಪು ಕೊಟ್ಟು ಅಂಚಿನಲ್ಲಿ ಮಾತ್ರ ಕೂತಳು. ಪೂರ್ವಕ್ಕೆ ತೆರೆದ ಬೆಟ್ಟದಂಚಿನಲ್ಲಿ ಓಕ್ ಮರಗಳು ನಿಂತಿದ್ದವು, ನಮ್ಮ ಮುತ್ತಜ್ಜರ ಕಾಲದವು. ವರ್ಲಿನ್ ಪಟ್ಟಿಯನ್ನು ಒಂದಕ್ಕೆ ಸುತ್ತಿದ. ತುದಿಗಳು ಕಾಂಡದ ಎರಡು ಪಕ್ಕಗಳಲ್ಲೇ ನಿಂತುಬಿಟ್ಟವು, ಜಗಳವಾಡಿದ ಅಕ್ಕತಂಗಿಯರ ಹಾಗೆ. ಮುಂದಿನ ಮರಕ್ಕೆ ಹೋದ. ಅದೂ ಅಷ್ಟೇ ದಪ್ಪ. ಮರವನ್ನು ತಬ್ಬಿ ಎಳೆದ, ಉಸಿರು ಬಿಗಿಹಿಡಿದು ಎಳೆದ, ಮರ ಉಸಿರು ಬಿಗಿಹಿಡಿದರೆ ಸಣ್ಣಗಾಗುತ್ತದೆಯೇನೋ ಎಂಬಂತೆ.

"ಏನಾಯ್ತು ವರ್ಲಿನ್?" ಎಂದು ಆರ್ಡಿತ್ ಕೂಗಿ ಕೇಳಿದಳು.

"ಮರ ಆರಿಸ್ತಿದ್ದೀನಿ."

"ಮದುವೆಗೆ ಹೆಣ್ಣು ಆರಿಸೋವಾಗ್ಲೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ನೀನು."

ಕೊನೆಗೆ ಅವನು ತನ್ನ ಜೋಲಿಯ ಪಟ್ಟಿಗಳನ್ನೂ ಬಿಚ್ಚಿ, ಎರಡೆರಡನ್ನು ಸೇರಿಸಿ ಗಂಟು ಹಾಕಿ, ನಾಲ್ಕರಿಂದಲೂ ಅವಳ ಜೋಲಿ ಒಂದನ್ನೇ ಕಟ್ಟಿದ. ನಿನ್ನದೆಲ್ಲಿ ಎಂದು ಅವಳು ಕೇಳಿದ್ದಕ್ಕೆ ತನಗೆ ನಿದ್ದೆ ಬರುತ್ತಿಲ್ಲ ಎಂದ. ಆಗಿನ್ನೂ ಸೂರ್ಯ ಮುಳುಗಿರಲಿಲ್ಲ.

ಕಾಲಿನ ಕಡೆ ತುಸು ಎತ್ತರಿಸಿದ, ಬಕಲ್ ಎಳೆದ, ಹಿಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿ ಮತ್ತೆ ಎಳೆದ. ಆರ್ಡಿತ್ ಹಲ್ಲಿನ ಡಾಕ್ಟರ ಕುರ್ಚಿಗೆ ಕೂರುವವಳಂತೆ ಹಿಂದಕ್ಕೆ ಇಳಿದಳು. ಕಾಲೆತ್ತಿದಳು. ಜೋಲಿ ತೂಗಿತು. ಆಮೇಲೆ ಬಟ್ಟೆಯೊಳಗಿಂದ "ಹೂಂ" ಎಂದು ಬಂತು.

ಆ ಒಂದು "ಹೂಂ" ಕೇಳಿದ ವರ್ಲಿನ್‌ನ ಮುಖ ನೀವು ನೋಡಬೇಕಿತ್ತು. ಅವಳು ಮಲಗಿಯೇ ಕಡುಬು ತಿಂದಳು. ಇಳಿಯಲು ಮನಸ್ಸಾಗಲಿಲ್ಲ.

ಸಂಜೆ ಇಬ್ಬನಿ ಬಿತ್ತು. ತೇವ ತಾಗಿದರೆ ನೈಲಾನ್ ಹಿಗ್ಗುತ್ತದೆ ಎಂಬುದನ್ನು ವರಾಂಡದ ಬಿಸಿಲು ಅವನಿಗೆ ಹೇಳಿರಲಿಲ್ಲ. ಮೊದಲು ಗಮನಿಸಿದವಳು ಆರ್ಡಿತ್.

"ವರ್ಲಿನ್, ಈ ಮರಗಳು ಬೆಳೀತಿವೆಯಾ?"

ಅವನು ಬಗ್ಗಿ ಜೋಲಿಯ ಕೆಳಗೆ ಕೈಯಿಟ್ಟು ನೋಡಿದ. ಕುರ್ಚಿಯಷ್ಟಿದ್ದ ಎತ್ತರ ಈಗ ಮಣೆಯಷ್ಟಿತ್ತು. ಬಿಗಿಯೋಣವೆಂದರೆ ಅವಳು ಇಳಿಯಬೇಕು. ಒಂದು ನಿಮಿಷ ಇಳಿ ಎಂದು ಮೆತ್ತಗೆ ಕೇಳಿದ. ಹತ್ತುವುದಕ್ಕೆ ಪಟ್ಟ ಪಾಡು ಸಾಕು, ಇನ್ನು ಇಳಿಯುವುದು ಬೆಳಗ್ಗೆಯೇ ಎಂದು ಅವಳು ದಿಂಬು ಸರಿಮಾಡಿಕೊಂಡಳು. ಅವಳು ಪಕ್ಕಕ್ಕೆ ತಿರುಗಿದಾಗ ಜೋಲಿ ಇನ್ನೊಂದು ಬೆರಳು ಇಳಿಯಿತು. ವರ್ಲಿನ್ ನನ್ನ ಕಡೆ ನೋಡಿದ. ನೈಲಾನಿಗಾಗಿ ಪ್ರಾರ್ಥಿಸುವುದು ಸರಿಯೋ ತಪ್ಪೋ ತಿಳಿಯದೆ, ಹೆಸರು ಹೇಳದೆ ಪ್ರಾರ್ಥಿಸಿ, ಇಲಿಗಳ ಪಕ್ಕ ಮಲಗಲು ಹೋದೆ.

ಬೆಳಕು ಹರಿಯುವಾಗ ಕಾಫಿ ಕಾಯಿಸಿ ತಂದೆ. ಜೋಲಿ ಹಣ್ಣಾದ ಕುಂಬಳದಂತೆ ಪೂರ್ತಿ ಕೆಳಗಿಳಿದಿತ್ತು. ಆದರೆ ನೆಲದ ಮೇಲೆ ಕೂತಿರಲಿಲ್ಲ. ಅದರ ಕೆಳಗೆ, ಅಂಗಾತ, ಪೆಟ್ಟಿಗೆಯಲ್ಲಿಟ್ಟ ಪಿಟೀಲಿನಂತೆ ವರ್ಲಿನ್ ಮಲಗಿದ್ದ. ಕಣ್ಣು ತೆರೆದೇ ಇತ್ತು.

"ತಾಗಿಲ್ಲ," ಎಂದು ಪಿಸುಗುಟ್ಟಿದ. "ರಾತ್ರಿಯೆಲ್ಲ ಒಂದ್ಸಲಾನೂ ತಾಗಿಲ್ಲ. ನಾನೇ ಸಾಕ್ಷಿ."

ಆರ್ಡಿತ್ ಎಚ್ಚರಗೊಂಡಳು. ಕೈ ಕೆಳಗೆ ಬಿಟ್ಟು ತಡವಿದಳು. ಅವನ ಮೂಗು ಸಿಕ್ಕಿತು. ಅದನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿದಳು. ನಾನು ಕಾಫಿ ಲೋಟ ಹಿಡಿದು ತೀರ್ಪಿಗೆ ಕಾದು ನಿಂತಿದ್ದೆ.

ಅಷ್ಟರಲ್ಲಿ ಎದುರಿನ ಬೆಟ್ಟಸಾಲಿನ ಮೇಲೆ ಸೂರ್ಯ ಕಾಣಿಸಿದ. ವರ್ಲಿನ್‌ಗೆ ಕಾಣುತ್ತಿದ್ದುದು ಜೋಲಿಯ ತಳ ಮಾತ್ರ.

"ಬಂತಾ?" ಎಂದು ಕೆಳಗಿನಿಂದ ಕೇಳಿದ.

"ಬಂತು."

"ಹೇಗಿದೆ?"

"ಕೆಂಪಗಿದೆ."

"ಈಗ?"

"ಈಗ್ಲೂ ಕೆಂಪಗೇ ಇದೆ. ಮಾತಾಡ್ಬೇಡ, ನೋಡಕ್ಕೆ ಬಿಡು."

ಅವಳು ಸೂರ್ಯ ಪೂರ್ತಿ ಮೇಲೆ ಬರುವ ತನಕ ನೋಡಿದಳು. ಅಡುಗೆಮನೆಯ ಕಿಟಕಿಯ ಮಾತೆತ್ತಲಿಲ್ಲ. ಆಮೇಲೆ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಒಂದು ಗುಟುಕು ಕುಡಿದು, ಕೆಳಗೆ ಬಗ್ಗಿ ಹೇಳಿದಳು:

"ಮುಂದಿನ್ ಸಲ ಮೊಣಕೈ ಒಳಗೆ ಮಡಚ್ಕೋ. ರಾತ್ರಿಯೆಲ್ಲ ಚುಚ್ತಿತ್ತು."