ಒಕ್ಕಣ್ಣಿನ ಮೀನು, ಅಕ್ಕನ ಕುಬಸ

ನನ್ನ ಪುಡಿಯಿಂದ ಮೀನಿನ ಮರಿಗಳೆಲ್ಲ ಒಂದೇ ಕಣ್ಣಿನವಾದ ದಿನ ನಾನು ಪ್ರಯೋಗಾಲಯದಲ್ಲಿ ಕುಣಿದಾಡಿದೆ. ಕಂಡವರು ಇವಳಿಗೆ ರಾಯಚೂರಿನ ಬಿಸಿಲು ನೆತ್ತಿಗೇರಿದೆ ಎಂದುಕೊಂಡಿರಬೇಕು.

ವಿಷಯ ಇಷ್ಟೇ. ಭ್ರೂಣ ಬೆಳೆಯುವಾಗ ‘ನೀನು ಕಣ್ಣಾಗು, ನೀನು ಬೆರಳಾಗು’ ಎಂದು ಜೀವಕೋಶಗಳಿಗೆ ಅಪ್ಪಣೆ ಕೊಡುತ್ತ ತಿರುಗುವ ಪ್ರೋಟೀನ್ ಒಂದಿದೆ. ವಿಜ್ಞಾನಿಗಳು ಅದಕ್ಕೆ ಮುಳ್ಳಿಲಿಯ ಹೆಸರಿಟ್ಟಿದ್ದಾರೆ. ಯಾಕೆಂದು ನನ್ನನ್ನು ಕೇಳಬೇಡಿ. ಮೊದಲು ಒಂದಾಗಿಯೇ ಇರುವ ಕಣ್ಣನ್ನು ಎರಡು ಪಾಲು ಮಾಡಿಸುವುದೂ ಅದೇ. ದೊಡ್ಡವರಾದ ಮೇಲೆ ಅದು ಸುಮ್ಮನೆ ಬಿದ್ದಿರಬೇಕು. ಕೆಲವರಲ್ಲಿ ಮತ್ತೆ ಎದ್ದು ಯಜಮಾನಿಕೆ ಶುರು ಮಾಡಿದರೆ ಕ್ಯಾನ್ಸರ್ ಆಗಬಹುದು. ಅದರ ಬಾಯಿ ಮುಚ್ಚಿಸುವ ಪುಟ್ಟ ಅಣುವೊಂದನ್ನು ಹುಡುಕುವುದು ನನ್ನ ಕೆಲಸ. ವರ್ಷಗಟ್ಟಲೆ ಎಷ್ಟೋ ಪುಡಿಗಳನ್ನು ಕರಗಿಸಿ ಮೀನಿನ ಮೊಟ್ಟೆಗಳ ಮೇಲೆ ಹನಿಸಿದೆ. ಮರಿಗಳು ಎರಡೆರಡು ಕಣ್ಣು ಬಿಟ್ಟುಕೊಂಡು ನನ್ನನ್ನೇ ಅಣಕಿಸುತ್ತಿದ್ದವು. ಕೊನೆಗೊಂದು ಪುಡಿ ಆ ಪ್ರೋಟೀನಿನ ಬಾಯಿ ಮುಚ್ಚಿಸಿತು, ಕಣ್ಣು ಒಂದಾಗಿಯೇ ಉಳಿಯಿತು.

ಸಂಭ್ರಮ ತಡೆಯಲಾರದೆ ಮಸರಕಲ್ಲಿನಲ್ಲಿದ್ದ ಅವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕೇಳಿ ಫೋನಿಟ್ಟ ಅವ್ವ ಸಂಜೆ ತಾನೇ ಮತ್ತೆ ಫೋನು ಮಾಡಿದಳು.

“ಅಕ್ಕಗ ಏಳು ತಿಂಗಳು ನಡದದ. ಆ ಪುಡಿ ಮೈಗೆ ಹಚ್ಚಿಕೊಂಡು ನೀ ಕುಬಸಕ್ಕ ಬರಬ್ಯಾಡ,” ಎಂದಳು.

ನನಗೆ ಅಳು, ಸಿಟ್ಟು ಎರಡೂ ಬಂದವು. ಇರುವವಳು ಒಬ್ಬಳೇ ಅಕ್ಕ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ ಬಳೆ ತೊಡಿಸುವ ದಿನ ತಂಗಿಯೇ ಇಲ್ಲವೆಂದರೆ? ಬಳೆ ಕೊಂಡುಕೊಂಡು ಮಾನ್ವಿಯ ಬಸ್ಸು ಹತ್ತಿಯೇಬಿಟ್ಟೆ. ಅವ್ವನಿಗೆ ನನ್ನ ಹಟ ಗೊತ್ತು. ಅಲ್ಲಿ ಅಕ್ಕನ ಗಂಡನ ಮನೆಯ ಬಾಗಿಲಲ್ಲೇ ಅವಳು ಬೇವಿನ ಸೊಪ್ಪು ಹಾಕಿದ ನೀರಿನ ಕೊಡ ಹಿಡಿದು ಕಾವಲು ನಿಂತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹೊಸ ಸೀರೆಯ ಸಮೇತ ನನಗೆ ಸ್ನಾನವಾಗಿತ್ತು.

“ಯವ್ವಾ, ಕಣ್ಣು ಎರಡಾಗೋದು ಮೊದಲನೇ ತಿಂಗಳದಾಗ ಬೇ! ಅಕ್ಕನ ಕೂಸಿಂದು ಯಾವಾಗೋ ಆಗ್ಯಾವ.”

ಇಷ್ಟಕ್ಕೆ ಸಮಾಧಾನವಾದಾಳು ಎಂದುಕೊಂಡೆ. ಅವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಮುಖ ಬಿಳಿಚಿಕೊಂಡಿತು.

“ಮೊದಲನೇ ತಿಂಗಳ ಅಂದ್ರ ಪಂಚಮಿ. ಪಂಚಮಿಗೆ ಬಂದಾಗ ಇಬ್ಬರೂ ಒಂದ ಕೌದ್ಯಾಗ ಮಲಗಿದ್ರಿ!”

ಈಗ ಮಾನ ಬಿಟ್ಟು ಮಾತಾಡುವುದೊಂದೇ ಉಳಿದಿತ್ತು. “ಆವಾಗ ನನ್ನ ಒಂದ ಪುಡಿನೂ ಕೆಲಸ ಮಾಡತಿದ್ದಿಲ್ಲ ಯವ್ವಾ. ಎಲ್ಲಾ ಫೇಲ್ ಆಗಿದ್ವು.”

“ಖರೇ?”

“ಖರೇನ.”

“ದೇವರು ದೊಡ್ಡಾಂವ,” ಎಂದು ಅವ್ವ ಕೊಡ ಕೆಳಗಿಟ್ಟಳು. “ನೀ ಆವಾಗ ಫೇಲ್ ಆಗಿದ್ದು ಭಾಳ ಚಲೋ ಆತು.”

ನನ್ನ ಸೋಲಿಗೆ ಅಷ್ಟು ಮನಸಾರೆ ಖುಷಿಪಟ್ಟವರು ಬೇರೆ ಯಾರೂ ಇಲ್ಲ.

ಒಳಗೆ ಅಕ್ಕ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಒದ್ದೆ ಸೀರೆಯಲ್ಲೇ ಬಳೆ ತೊಡಿಸಲು ಕೂತೆ. ಅವಳು ಕೈ ಹಿಂದೆಳೆದುಕೊಂಡಳು.

“ಯವ್ವಂದು ತಪ್ಪಿಲ್ಲ,” ಎಂದಳು ಮೆಲ್ಲಗೆ. “ಮೀನಿನ ಸುದ್ದಿ ಕೇಳಿ ನಿನ್ನ ಬರಬ್ಯಾಡ ಅಂತ ಹೇಳಿಸಿದಾಕಿ ನಾನ.”

ನನಗೆ ಬಹಳ ನೋವಾಯಿತು. ಬಳೆ ನನ್ನ ಕೈಯಲ್ಲೇ ಉಳಿಯಿತು.

“ಈಗ?” ಎಂದೆ.

“ಈಗೂ ಅಂಜಿಕಿ ಅದ,” ಎನ್ನುತ್ತಲೇ ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗಿನಿಂದ ಜೋರಾಗಿ ಒಂದು ಒದೆ ಬಿತ್ತು.

“ಬೇಕಾಗಿತ್ತು ನಿನಗ,” ಎಂದು ಅಕ್ಕ ಅಳುತ್ತಲೇ ನಕ್ಕಳು.