ಎಲೆಕ್ಟ್ರಾನಿನ ಓಟ, ನನ್ನ ರೆಪ್ಪೆ

ಫೋಟೋಗೆ ಕೂತರೆ ಸಾಕು, ನನ್ನ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ. ಲ್ಯಾಬಿನ ಗುರುತಿನ ಚೀಟಿಗೆ ಹೊಸ ಫೋಟೋ ಬೇಕಿತ್ತು. ರಜೆಗೆಂದು ಅಜ್ಜಂಪುರಕ್ಕೆ ಹೊರಟವನು ತರೀಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋಗೆ ಹೊಕ್ಕೆ.

"ನಗು ಚೆನ್ನಾಗ್ ಬಂತು, ಕಣ್ಣು ಮಾತ್ರ ಮತ್ತೆ ಮುಚ್ಬಿಟ್ರಿ," ಎಂದರು ಸ್ಟುಡಿಯೋ ನಡೆಸುವ ಹೆಂಗಸು. "ಏನ್ ಕೆಲ್ಸ ಸಾರ್ ನಿಮ್ದು?"

ನಾಚಿಕೆ ಮುಚ್ಚಲು ಜಂಬ ಕೊಚ್ಚಿದೆ. ಅಣುವಿನೊಳಗೆ ಎಲೆಕ್ಟ್ರಾನ್ ಓಡುವುದನ್ನು ಬೆಳಕಿನ ಮಿಂಚಲ್ಲಿ ಹಿಡಿಯುತ್ತೇವೆ, ಅದರ ಮುಂದೆ ರೆಪ್ಪೆ ಬಡಿಯುವುದು ಒಂದು ಯುಗ, ಎಂದೆ.

"ಒಂದೇ ಅಣುನ ಕೊನೆತನಕ ನೋಡ್ತೀರಾ?"

ಇಲ್ಲ ಎನ್ನಬೇಕಾಯಿತು. ನೋಡಲು ಹಾಯಿಸಿದ ಬೆಳಕಿನ ಏಟಿಗೇ ಅಣು ಕೆಡುತ್ತದೆ. ಪ್ರತಿ ಸಲ ಹೊಸ ಅಣುಗಳನ್ನು ಹಿಂದಿನ ಸಲಕ್ಕಿಂತ ಒಂಚೂರು ತಡವಾಗಿ ನೋಡಿ, ಆಮೇಲೆ ಎಲ್ಲವನ್ನೂ ಜೋಡಿಸಿ ಒಂದೇ ಓಟ ಎನ್ನುತ್ತೇವೆ.

"ಅಂದ್ರೆ ಕೂಡ್ಸಿದ್ದು."

ನನಗೆ ರೇಗಿತು. "ಕೂಡ್ಸಿದ್ರೂ ಸುಳ್ಳಲ್ಲ ಕಣ್ರೀ! ಆ ಅಣುಗಳೆಲ್ಲ ಒಂದೇ ಥರ!"

ಕ್ಯಾಮೆರಾ ಕ್ಲಿಕ್ ಎಂದಿತು. ಸ್ವಲ್ಪ ಹೊತ್ತು ಕಂಪ್ಯೂಟರಿನಲ್ಲಿ ಏನೋ ಮಾಡಿ, ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಆಗ ನಕ್ಕಿದ್ ಬಾಯಿಗೆ ಈಗ ರೇಗಿದ್ ಕಣ್ಣು ಹಾಕಿದೀನಿ. ಎರಡೂ ನೀವೇ ಅಲ್ವಾ?"

ಬಸ್ಸಿನಲ್ಲಿ ಆ ಫೋಟೋವನ್ನೇ ನೋಡುತ್ತಾ ಬಂದೆ. ಅಣುಗಳಾದರೂ ಒಂದೇ ಥರ ಇರುತ್ತವೆ. ನಾನು ಒಂದು ಕ್ಷಣ ಇದ್ದ ಹಾಗೆ ಇನ್ನೊಂದು ಕ್ಷಣ ಇರಲಿಲ್ಲ. ಈ ಮುಖದವನು ಯಾವ ಕ್ಷಣದಲ್ಲೂ ಆ ಸ್ಟೂಲಿನ ಮೇಲೆ ಕೂತಿರಲಿಲ್ಲ.

ರಜೆ ಮುಗಿದು, ಆ ಫೋಟೋ ಹಾಕಿದ ಹೊಸ ಚೀಟಿ ಕೈಗೆ ಬಂದ ಮೇಲೆ, ಲ್ಯಾಬಿನ ಗೇಟಿನಲ್ಲಿ ಗಾರ್ಡ್ ಅದನ್ನು ನೋಡಿದ, ನನ್ನನ್ನು ನೋಡಿದ. "ಇದು ನೀವೇನಾ ಸಾರ್?"

"ಸರಾಸರಿ ತೆಗೆದ್ರೆ ನಾನೇ ಕಣಪ್ಪಾ," ಎಂದೆ.