ಮಂತ್ರವಾದಿಗೊಂದು ಕವಚ

ಪಕ್ಕದ ಕೋಣೆಯಲ್ಲಿ ಮಗಳು ಗೆಳತಿಯರ ಜೊತೆ ಹೊಸ ಆಟದ ಡಬ್ಬ ಬಿಚ್ಚಿದ್ದಾಳೆ. ಹೊಸ ರಟ್ಟಿನ ವಾಸನೆ ನನ್ನ ಕುರ್ಚಿಯವರೆಗೂ ಬಂತು, ಅದರ ಹಿಂದೆಯೇ ಜಗಳ. "ಅವಳಿಗೆ ಕಬ್ಬಿಣದ ಕವಚ, ಪೆಟ್ಟೇ ಬೀಳಲ್ಲ. ನಂಗೆ ಬರೀ ನಿಲುವಂಗಿ. ಇದು ಮೋಸ!" ಮಕ್ಕಳ ಜಗಳ ಕೇಳಿದರೆ ಯಾರಾದರೂ ನಕ್ಕು ಸುಮ್ಮನಾಗುತ್ತಾರೆ. ನಾನು ಓದುತ್ತಿದ್ದ ಪೇಪರು ಮಡಚಿಟ್ಟೆ.

ಈ ಆಟ ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ನಮಗೂ ಪೂರ್ತಿ ಗೊತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ನಾವು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದಾಗ, ಗೆಳೆಯ ಶ್ರೀಕಾಂತನಿಗೆ ಎಲ್ಲಿಂದಲೋ ಇದರ ನಿಯಮಗಳಿದ್ದ ಒಂದು ಇಂಗ್ಲಿಷ್ ಪುಸ್ತಕದ ಜೆರಾಕ್ಸು ಸಿಕ್ಕಿತು. ಅರ್ಧ ಪುಟಗಳು ಕಪ್ಪಗೆ ಮಸಿ ಬಳಿದಂತಿದ್ದವು, ಉಳಿದದ್ದನ್ನು ನಾವೇ ಕಟ್ಟಿಕೊಂಡೆವು. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗೆ ಒಂದೊಂದು ಪಾತ್ರವಾಗಿ ಹೋಗುತ್ತಾರೆ, ಗೆಲುವು ಸೋಲು ದಾಳದ ಮೇಲೆ. ಸವಳಂಗ ರಸ್ತೆಯ ಶ್ರೀಕಾಂತನ ಮನೆಯ ಮಹಡಿಯಲ್ಲಿ ಪ್ರತಿ ಭಾನುವಾರ ಸೇರುತ್ತಿದ್ದೆವು. ಕಥೆ ಶ್ರೀಕಾಂತನದು. ಕುಂಸಿಯ ಮಂಜು ಯೋಧ. ಶ್ರೀಕಾಂತನ ಚಿಕ್ಕಪ್ಪನ ಮಗಳು ಸುಮಾ, ನಮ್ಮದೇ ಕ್ಲಾಸು, ಮಂತ್ರವಾದಿ. ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಕಳ್ಳ. ಪಾತ್ರ ಹಂಚುವಾಗ ಉಳಿದದ್ದು ಅದೊಂದೇ.

ತಕರಾರು ಶುರುವಾದದ್ದು ಕವಚದಿಂದ. ಯೋಧನ ಕಬ್ಬಿಣ ಎಂಥ ಪೆಟ್ಟನ್ನೂ ತಡೆಯುತ್ತಿತ್ತು. ಕಳ್ಳನ ಚರ್ಮದ ಅಂಗಿ ಅಷ್ಟಿಷ್ಟು ತಡೆಯುತ್ತಿತ್ತು. ಮಂತ್ರವಾದಿಗೆ ಕವಚವೇ ಇಲ್ಲ. "ನಾನು ಬರೋದು, ಒಂದು ಮಂತ್ರ ಹೇಳೋದು, ಸಾಯೋದು. ಇದಕ್ಕೆ ಭಾನುವಾರ ಹಾಳು ಮಾಡ್ಕೋಬೇಕಾ?" ಎಂದಳು ಸುಮಾ. ಶ್ರೀಕಾಂತ ಸಮತೋಲನ ತರಲು ಹೊರಟ. ಕಬ್ಬಿಣ ತೊಟ್ಟವನು ಹೊಳೆಗಿಳಿದರೆ ಮುಳುಗುತ್ತಾನೆ ಎಂದು ನಿಯಮ ಮಾಡಿದ. ಮಂಜು ಕಾಲು ಚಾಚಿ ಕೂತ. "ಹಾಗಾದ್ರೆ ನಾನು ಈ ದಡದಲ್ಲೇ ಇರ್ತೀನಿ. ನಿನ್ನ ಕಥೇನ ಇಲ್ಲಿಗೇ ತಗೊಂಡ್ಬಾ."

ಆಗಲೇ ಶ್ರೀಕಾಂತನ ಅಜ್ಜಿ ಒದ್ದೆ ಮಡಿಸೀರೆ ಹಿಡಿದು ಮಹಡಿಗೆ ಬಂದರು, ತಾರಸಿಯಲ್ಲಿ ಒಣಹಾಕಲು. "ತಾಗಬೇಡ್ರೋ, ಮಡೀಲಿದೀನಿ." ನಾವೆಲ್ಲ ಕಾಲು ಮಡಚಿ ಗೋಡೆಗೆ ಅಂಟಿಕೊಂಡೆವು. ಮಂಜುವಿನಂಥ ಮಂಜು ಉಸಿರು ಬಿಗಿಹಿಡಿದ. ಅಜ್ಜಿ ದಾಟಿದ್ದೇ ಶ್ರೀಕಾಂತ ತೊಡೆ ತಟ್ಟಿದ. "ಸಿಕ್ತು! ಮಂತ್ರವಾದಿಗೆ ಮಡಿಯೇ ಕವಚ. ಮಡೀಲಿರೋವರೆಗೆ ಯಾವ ಆಯುಧಾನೂ ತಾಗಲ್ಲ. ಚರ್ಮದ್ದೇನಾದ್ರೂ ತಾಗಿದ್ರೆ ಮಾತ್ರ ಮಡಿ ಹೋಯ್ತು, ಮತ್ತೆ ಸ್ನಾನ ಮಾಡೋವರೆಗೆ ಕವಚ ಇಲ್ಲ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನಮ್ಮ ತಾತ ಚಪ್ಪಲಿ ಹೊಲಿಯುತ್ತಿದ್ದರು. ಅಪ್ಪ ಕಾರ್ಖಾನೆ ಸೇರಿದ ಮೇಲೆ ಮನೆಯಲ್ಲಿ ಆ ಕೆಲಸ ನಿಂತಿತ್ತು. ಕ್ವಾರ್ಟರ್ಸಿನಲ್ಲಿ ಒಂದು ಕಡೆ ತಮಿಳು, ಇನ್ನೊಂದು ಕಡೆ ತೆಲುಗು. ನಲ್ಲಿ ನೀರಿನ ಜಗಳ ಬಿಟ್ಟರೆ ಯಾರು ಯಾವ ಜನ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಶ್ರೀಕಾಂತನ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಇನ್ನೇನು ಕೇಳುತ್ತಾರೆ, ಇವತ್ತು ಕೇಳಿಯೇ ಕೇಳುತ್ತಾರೆ ಎಂಬ ಪುಕಪುಕಿನಲ್ಲೇ ಆ ಮೆಟ್ಟಿಲು ಹತ್ತುತ್ತಿದ್ದೆ. ಹೊಸ ನಿಯಮ ಬಂದ ಮೇಲೆ ಚರ್ಮದ ಬೆಲ್ಟು ಹಾಕುವುದನ್ನೂ ಬಿಟ್ಟೆ. ಪ್ಯಾಂಟು ಜಾರುತ್ತಿತ್ತು, ಆಡುವಾಗ ಒಂದು ಕೈ ದಾಳಕ್ಕೆ, ಇನ್ನೊಂದು ಸೊಂಟಕ್ಕೆ. ನಗಬೇಡಿ, ನನ್ನ ಬುದ್ಧಿ ಆಗ ಅಲ್ಲಿಯವರೆಗೆ ಹೋಗಿತ್ತು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುಹೆ ಬರೆದು ಚೆಸ್ಸಿನ ಕಾಯಿಗಳನ್ನು ನಡೆಸುತ್ತಿದ್ದೆವು. ನನ್ನ ಕಾಯಿಯನ್ನು ಸುಮಾಳ ಕಾಯಿಯಿಂದ ದೂರ ದೂರವೇ ಇಡುತ್ತಿದ್ದೆ. ಯಾರೂ ಹೇಳಿಕೊಡದೆ ಅದು ನನಗೆ ಎಷ್ಟು ಸಲೀಸಾಗಿ ಬಂತು ಎನ್ನುವುದೇ ನನ್ನನ್ನು ಹೆದರಿಸಿತು. ಇನ್ನು ಬರುವುದಿಲ್ಲ ಎಂದು ಪ್ರತಿ ವಾರ ಭದ್ರಾವತಿ ಬಸ್ಸಿನಲ್ಲಿ ತೀರ್ಮಾನ ಮಾಡುತ್ತಿದ್ದೆ. ಆದರೆ ಆ ಮೂವರನ್ನು ಬಿಟ್ಟರೆ ನನಗೆ ಬೇರೆ ಗೆಳೆಯರೂ ಇರಲಿಲ್ಲ.

ಒಂದು ಭಾನುವಾರ ಸುಮಾಳ ಮಂತ್ರವಾದಿ ಕೆಸರಿನ ಹೊಂಡಕ್ಕೆ ಬಿದ್ದ. ಮಂಜು ಇಳಿದರೆ ಕಬ್ಬಿಣದ ಭಾರಕ್ಕೆ ಅವನೂ ಮುಳುಗುತ್ತಾನೆ. ಎಳೆದುಕೊಳ್ಳಬಲ್ಲವನು ನಾನೊಬ್ಬನೇ. ಎಳೆದರೆ ನನ್ನ ಚರ್ಮದ ಅಂಗಿ ತಾಗಿ ಮಡಿ ಹೋಗುತ್ತದೆ, ದಡದಲ್ಲಿ ರಾಕ್ಷಸ ಕಾದಿದ್ದಾನೆ. ತನ್ನ ಜಾಣತನಕ್ಕೆ ತಾನೇ ಹಿಗ್ಗುತ್ತ ಶ್ರೀಕಾಂತ ನನ್ನ ಕಡೆ ತಿರುಗಿದ. "ಏನ್ ಮಾಡ್ತೀಯ?"

"ಮುಟ್ಟಲ್ಲ," ಎಂದೆ.

"ಯಾಕೋ? ಮುಳುಗ್ತಿದೀನಿ ಮಾರಾಯ, ಕೈ ಕೊಡು!" ಎಂದಳು ಸುಮಾ.

"ರೂಲ್ ಇದೆಯಲ್ಲ."

"ರೂಲ್ ಮನೆ ಹಾಳಾಗ್ಲಿ. ಕೈ ಕೊಡು ಅಂದೆ."

ಅಷ್ಟು ದಿನ ನುಂಗಿಕೊಂಡಿದ್ದು ಬಾಯಿಗೆ ಬಂದುಬಿಟ್ಟಿತು. "ನಮ್ಮ ತಾತ ಚಪ್ಪಲಿ ಹೊಲೀತಿದ್ರು. ಚರ್ಮದ್ದೇ ಕೆಲಸ ನಮ್ಮದು."

ಮೊದಲು ಬಾಯಿಬಿಟ್ಟವನು ಮಂಜು. "ಅದಕ್ಕೇನೀಗ? ದಾಳ ಹಾಕು, ಕುಂಸಿ ಬಸ್ಸು ತಪ್ಪತ್ತೆ." ಶ್ರೀಕಾಂತನ ಮುಖ ಬಿಳಿಚಿಕೊಂಡಿತ್ತು. "ಅಜ್ಜೀನ ನೋಡಿ ಮಾಡಿದ್ದು ಕಣೋ. ಬೇರೇನೂ ಹೊಳೀಲೇ ಇಲ್ಲ ನಂಗೆ." ಅದು ನಿಜ. ನಿಜವಾದ್ದರಿಂದಲೇ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ.

"ಆ ರೂಲ್ ತೆಗೆದಾಯ್ತು," ಎಂದಳು ಸುಮಾ, ಅಣ್ಣನನ್ನು ಕೇಳದೆಯೇ. "ಈಗ ಎಳಿ."

ಎಳೆದೆ. ಅವಳಿಗೆ ಮತ್ತೆ ಕವಚವಿಲ್ಲ. ರಾಕ್ಷಸ ಅವಳನ್ನು ಒಂದೇ ಏಟಿಗೆ ಕೊಂದ, ಎರಡನೆಯದಕ್ಕೆ ನನ್ನನ್ನೂ. ಸಮತೋಲನ ಬಂದ ದಾರಿಯಲ್ಲೇ ವಾಪಸು ಹೋಯಿತು. ಮೆಟ್ಟಿಲಿಳಿಯುವಾಗ ಸುಮಾ ಕೇಳಿದಳು, "ಮುಂದಿನ್ವಾರ ಬರ್ತೀಯಲ್ಲ?" ಬರ್ತೀನಿ ಎಂದೆ.

ಹೇಳುವುದು ಸುಲಭ. ಮಹಡಿಯ ಮಾತು ಕೆಳಗೆ ಇಳಿದಿದೆಯೋ ಏನೋ ಎಂದು ವಾರವಿಡೀ ಊಟ ಸೇರಲಿಲ್ಲ. ಭಾನುವಾರ ಗೇಟಿನ ಮುಂದೆ ನಿಂತೇ ಇದ್ದೆ. ಜಗಲಿಯಲ್ಲಿ ಅಜ್ಜಿ ಹೂ ಬಿಡಿಸುತ್ತಿದ್ದರು. "ಯಾಕೋ ಅಲ್ಲೇ ನಿಂತೆ? ಮೇಲಿದಾರೆ, ಹೋಗು. ನಂಗೆ ತಾಗಬೇಡ, ಮಡೀಲಿದೀನಿ."

ಮೊಮ್ಮಕ್ಕಳಿಗೂ ಅವರು ಹೇಳುತ್ತಿದ್ದ ಮಾತೇ ಅದು. ಅವತ್ತು ಅದು ಎಲ್ಲರಿಗೂ ಹೇಳುವ ಮಾತಾಗಿತ್ತೋ, ನನಗೆಂದೇ ಹೇಳಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೈ ಮುದುಡಿಕೊಂಡು ಒಳಗೆ ಹೋದೆ. ಕಾಲೇಜು ಮುಗಿಯುವವರೆಗೂ ಹೋಗುತ್ತಲೇ ಇದ್ದೆ.

"ಅಪ್ಪಾ, ಬಾ ಇಲ್ಲಿ! ಕವಚದ ರೂಲ್ ಸರಿಯಾಗಿಲ್ಲ. ನಾವೇ ಹೊಸದು ಮಾಡ್ತಿದೀವಿ, ನೀನೇ ಹೇಳು." ಮಗಳು ಪೆನ್ನು ಹಿಡಿದು ಕೂತಿದ್ದಾಳೆ. ಕಬ್ಬಿಣ ಎಷ್ಟು ತಡೆಯಬೇಕು, ಬಟ್ಟೆ ಎಷ್ಟು ತಡೆಯಬೇಕು, ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಹೋಗಿ ಅವರ ನಡುವೆ ನೆಲದ ಮೇಲೆ ಕೂತೆ.

"ಮೊದಲು ಇದನ್ನ ಬರ್ಕೋ," ಎಂದೆ. "ಈ ಆಟದಲ್ಲಿ ಯಾರು ಯಾರನ್ನ ಬೇಕಾದ್ರೂ ಮುಟ್ಟಬಹುದು."

ಹುಡುಗಿಯರು ಮುಖ ಮುಖ ನೋಡಿಕೊಂಡರು. "ಅದನ್ನೂ ಬರೀಬೇಕಾ ಅಪ್ಪಾ?" ಎಂದಳು ಮಗಳು, ನಗು ತಡೆಯಲಾರದೆ.

"ಬರಿ," ಎಂದೆ.